ಕಡಲತೀರದ ಉದ್ಯಾನಗಳಿಗೆ ಮೊದಲು ಮರ ಬೇಕು: ಉತ್ತರ ಕನ್ನಡ ಕರಾವಳಿಯ ಆಡಳಿತಕ್ಕೆ ಒಂದು ಬಹಿರಂಗ ಪತ್ರ

ಉತ್ತರ ಕನ್ನಡ ಕರಾವಳಿಯ ಸಾರ್ವಜನಿಕ ಉದ್ಯಾನಗಳ ಉಸ್ತುವಾರಿ ಹೊತ್ತಿರುವ ಎಲ್ಲ ಅಧಿಕಾರಿಗಳಿಗೆ ಹಾಗೂ ಚುನಾಯಿತ ಪ್ರತಿನಿಧಿಗಳಿಗೆ,

ಮಾನ್ಯರೇ,

ಸವಿನಯ ವಂದನೆಗಳು.

ಕಾರವಾರದಿಂದ ಭಟ್ಕಳದವರೆಗೆ ಐದು ತಾಲ್ಲೂಕುಗಳಲ್ಲಿ ಚಾಚಿಕೊಂಡಿರುವ ನಮ್ಮ ಕಡಲತೀರಕ್ಕೆ ರಜೆಯಲ್ಲಿ ಬರುವ ಜನರಿಗೆಂದು ಸಾರ್ವಜನಿಕ ಹಣದಲ್ಲಿ ನಿರ್ಮಿಸಿರುವ ಉದ್ಯಾನಗಳ ಇಂದಿನ ಸ್ಥಿತಿಯತ್ತ ತಮ್ಮ ಗಮನ ಸೆಳೆಯಲು ಈ ಪತ್ರ ಬರೆಯುತ್ತಿದ್ದೇನೆ. ನಾನು ಶಿರಸಿಯವನು. ದೇವಿಮನೆ ಘಟ್ಟವಿಳಿದು ಕುಮಟಾ ಸೇರಿ, ಅಲ್ಲಿಂದ ಕಾರವಾರದ ಕಡೆಗೋ ಹೊನ್ನಾವರದ ಕಡೆಗೋ ಹೋಗಿ ಒಂದೆರಡು ದಿನ ಸಮುದ್ರದ ಬಳಿ ಇದ್ದು ಬರುವುದು ಘಟ್ಟದ ಮೇಲಿನ ನಮ್ಮಂಥ ಮನೆಗಳಲ್ಲಿ ಹಿಂದಿನಿಂದ ನಡೆದುಬಂದ ರೂಢಿ. ಕಳೆದ ಬೇಸಿಗೆ ರಜೆಯಲ್ಲಿ ವಯಸ್ಸಾದ ತಾಯಿಯನ್ನೂ ಅಕ್ಕನ ಮಕ್ಕಳನ್ನೂ ಕರೆದುಕೊಂಡು ಹೋದಾಗ, ಸಮುದ್ರಕ್ಕೆ ಇಳಿಯಲಾಗದ ತಾಯಿಯ ಸಲುವಾಗಿ ತೀರದ ಉದ್ಯಾನಗಳಲ್ಲೇ ಹೆಚ್ಚು ಹೊತ್ತು ಕಳೆಯಬೇಕಾಯಿತು. ಅಲ್ಲಿ ಕಣ್ಣಾರೆ ಕಂಡದ್ದನ್ನು ಮಾತ್ರ ಇಲ್ಲಿ ಹೇಳುತ್ತೇನೆ. ಯಾವ ಉದ್ಯಾನ, ಯಾವ ಕಚೇರಿ ಎಂದು ಬೇಕೆಂದೇ ಹೆಸರಿಸುತ್ತಿಲ್ಲ. ಒಂದೇ ಬಗೆಯ ಕೊರತೆ ಒಂದಕ್ಕಿಂತ ಹೆಚ್ಚು ಕಡೆ ಕಂಡಿತು. ಹೆಸರು ಬರೆದರೆ ಕೆಳಹಂತದ ಒಬ್ಬ ನೌಕರನಿಗೆ ನೋಟಿಸು ಹೋಗಿ ವಿಷಯ ಅಲ್ಲಿಗೇ ಮುಗಿದುಹೋಗುತ್ತದೆ ಎಂಬ ಅಂಜಿಕೆಯೂ ನನಗಿದೆ.

ನನ್ನ ದೂರು ಒಂದೇ. ಈ ಉದ್ಯಾನಗಳಲ್ಲಿ ಕಮಾನು, ಕಾರಂಜಿ, ಫೈಬರ್ ಗೊಂಬೆಗಳು, ಫೋಟೋ ತೆಗೆಸಿಕೊಳ್ಳಲು ನಿಲ್ಲಿಸಿದ ದೊಡ್ಡ ಅಕ್ಷರಗಳು, ಬಣ್ಣದ ದೀಪಗಳು ಎಲ್ಲವೂ ಇವೆ. ಕುಳಿತುಕೊಳ್ಳಲು ನೆರಳು ಕೊಡುವ ಮರಗಳಿಲ್ಲ, ಗಿಡಗಳನ್ನು ಬಲ್ಲ ಮಾಲಿಗಳಿಲ್ಲ.

ಏಪ್ರಿಲ್ ತಿಂಗಳಲ್ಲಿ ನಮ್ಮ ಕರಾವಳಿಯ ಬಿಸಿಲು ಹೇಗಿರುತ್ತದೆಂದು ತಮಗೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಹತ್ತು ಗಂಟೆಯಾಗುತ್ತಲೇ ಮರಳು ಕಾಯುತ್ತದೆ, ಮೈ ಬೆವರಿನಲ್ಲಿ ತೊಯ್ಯುತ್ತದೆ. ಆ ಹೊತ್ತಿಗೆ ನಾವು ಹೋದ ಒಂದು ಉದ್ಯಾನದಲ್ಲಿ ನೆಲಕ್ಕೆ ಪ್ಲಾಸ್ಟಿಕ್ ಹುಲ್ಲಿನ ಹಾಸನ್ನು ಹಾಸಲಾಗಿತ್ತು. ಚಪ್ಪಲಿ ಕಳಚಿ ಓಡಿದ ಹುಡುಗಿ ನಾಲ್ಕು ಹೆಜ್ಜೆಗೇ ಅಳುತ್ತಾ ವಾಪಸು ಬಂದಳು. ಬಗ್ಗಿ ಮುಟ್ಟಿ ನೋಡಿದರೆ ಅಂಗೈ ಇಡಲಾಗದಷ್ಟು ಕಾದಿತ್ತು. ನುಣುಪಾದ ಗ್ರಾನೈಟ್ ಬೆಂಚುಗಳು ಸಾಲಾಗಿ ಸಮುದ್ರಕ್ಕೆ ಮುಖ ಮಾಡಿದ್ದವು, ಅವುಗಳ ಮೇಲೆ ಒಂದು ಎಲೆಯ ನೆರಳೂ ಇರಲಿಲ್ಲ. ಒಳಗೆ ನಮ್ಮ ಹೊರತು ಯಾರೂ ಇಲ್ಲದಿದ್ದಾಗ ಬೇಲಿಯ ಆಚೆ ಕಣ್ಣು ಹಾಯಿಸಿದರೆ, ಹಾವೇರಿ, ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ರಾತ್ರಿಯೆಲ್ಲ ಬಸ್ಸಿನಲ್ಲಿ ಬಂದಿದ್ದ ಕುಟುಂಬಗಳು ಗಾಳಿಮರಗಳ ಕೆಳಗೆ ಚಾದರ ಹಾಸಿ, ರೊಟ್ಟಿ-ಚಟ್ನಿಪುಡಿಯ ಬುತ್ತಿ ಬಿಚ್ಚಿ ಕುಳಿತಿದ್ದವು. ಹಣ ಸುರಿದು ಕಟ್ಟಿದ ಉದ್ಯಾನವನ್ನು ಬಿಟ್ಟು ಜನ ಯಾರೂ ಕಟ್ಟದ ನೆರಳನ್ನು ಹುಡುಕಿಕೊಂಡು ಹೋಗಿದ್ದರು. ತಮ್ಮ ಯೋಜನಾ ವರದಿಗಳನ್ನು ತಯಾರಿಸುವವರು ಈ ಒಂದು ನೋಟವನ್ನು ಒಮ್ಮೆ ನಡು ಮಧ್ಯಾಹ್ನ ಬಂದು ನೋಡಬೇಕೆಂಬುದು ನನ್ನ ಪ್ರಾರ್ಥನೆ. ಇನ್ನೊಂದು ಉದ್ಯಾನದಲ್ಲಿ ಆ ಅವಕಾಶವೂ ಇರಲಿಲ್ಲ. ಸಂಜೆ ನಾಲ್ಕರವರೆಗೆ ಗೇಟಿಗೆ ಬೀಗ ಹಾಕಿತ್ತು. ನೆರಳು ಅತಿ ಹೆಚ್ಚು ಬೇಕಾದ ಹೊತ್ತಿನಲ್ಲೇ ಉದ್ಯಾನವನ್ನು ಮುಚ್ಚುವ ನಿಯಮದ ಹಿಂದಿನ ವಿಚಾರವೇನೆಂದು ಅಲ್ಲಿದ್ದ ಕಾವಲುಗಾರನಿಗೂ ಗೊತ್ತಿರಲಿಲ್ಲ.

ಗಿಡಗಳನ್ನೇ ನೆಟ್ಟಿಲ್ಲವೆಂದು ನಾನು ಹೇಳುವುದಿಲ್ಲ. ನೆಟ್ಟಿದ್ದಾರೆ. ಸಮುದ್ರದ ಅಂಚಿಗೆ ಕಬ್ಬಿಣದ ಜಾಲರಿಗಳ ಒಂದು ಉದ್ದ ಸಾಲೇ ಇತ್ತು. ಹತ್ತಿರ ಹೋಗಿ ಒಂದೊಂದನ್ನೂ ನೋಡಿದೆ. ಹೆಚ್ಚಿನವುಗಳಲ್ಲಿ ಒಣಕಡ್ಡಿ ಮಾತ್ರ ಉಳಿದಿತ್ತು. ಜೀವವಿದ್ದ ಕೆಲವು ಗಿಡಗಳು ಕಂಬದಂತೆ ನೇರ ಬೆಳೆಯುವ ಅಶೋಕದ ಸಸಿಗಳು; ಅವುಗಳಲ್ಲಿ ಪಶ್ಚಿಮಕ್ಕೆ, ಅಂದರೆ ಕಡಲಿನತ್ತ ಇದ್ದ ಎಲೆಗಳೆಲ್ಲ ಅಂಚಿನಿಂದ ಒಳಕ್ಕೆ ಕಂದುಬಣ್ಣಕ್ಕೆ ತಿರುಗಿ ಸುರುಟಿದ್ದವು, ಪೂರ್ವದ ಕಡೆಯ ಎಲೆಗಳು ಇನ್ನೂ ಹಸಿರಾಗಿದ್ದವು. ಇದು ನೀರಿಲ್ಲದೆ ಸತ್ತ ಗಿಡದ ಲಕ್ಷಣವಷ್ಟೇ ಅಲ್ಲ. ತೆರೆ ಒಡೆದಾಗ ಸಿಡಿಯುವ ಉಪ್ಪುನೀರಿನ ಸೂಕ್ಷ್ಮ ಹನಿಗಳನ್ನು ಗಾಳಿ ಹೊತ್ತು ತಂದು ಎಲೆಯ ಮೇಲೆ ಬಿಡುತ್ತದೆ. ನೀರು ಆರಿ ಉಪ್ಪು ಉಳಿಯುತ್ತದೆ. ಆ ಉಪ್ಪು ಎಳೆ ಎಲೆಯ ಜೀವರಸವನ್ನು ಹೀರಿ ಅಂಚನ್ನು ಸುಡುತ್ತದೆ. ಮಳೆಗಾಲದಲ್ಲಿ ಇಲ್ಲಿ ಬೀಳುವ ಸುಮಾರು 3000 ಮಿಲಿಮೀಟರ್ ಮಳೆ ಎಲೆಗಳನ್ನು ತೊಳೆಯುತ್ತದೆ. ಆದರೆ ಅಕ್ಟೋಬರ್ ಕಳೆದರೆ ಮುಂದಿನ ಜೂನ್‌ವರೆಗೆ ತೊಳೆಯುವವರು ಯಾರೂ ಇಲ್ಲ. ಕಡಲ ಅಂಚಿಗೆ ಯಾವ ಗಿಡ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂಬುದನ್ನು ತೀರದ ಯಾವ ಮೀನುಗಾರರ ಕೇರಿಯಲ್ಲಿ ಕೇಳಿದರೂ ಹೇಳುತ್ತಾರೆ. ಗುತ್ತಿಗೆ ಪತ್ರದಲ್ಲಿ ಮಾತ್ರ ಆ ತಿಳಿವಳಿಕೆಗೆ ಜಾಗ ಸಿಕ್ಕಿಲ್ಲ.

ಮಾನ್ಯರೇ, ಈ ಕಡಲತೀರದ ಮರಗಳಿಗೆ ಒಂದು ಚರಿತ್ರೆಯಿದೆ. 1880ರ ದಶಕದ ಆರಂಭದಲ್ಲಿ, ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥ ಟಾಗೋರರ ಮನೆಗೆ ಬಂದು ಉಳಿದಿದ್ದ ತರುಣ ರವೀಂದ್ರನಾಥರು ಮುಂದೆ ತಮ್ಮ ನೆನಪುಗಳಲ್ಲಿ ಈ ತೀರವನ್ನು ವರ್ಣಿಸುವಾಗ ಅರ್ಧಚಂದ್ರಾಕಾರದ ಬೇಲೆಯನ್ನೂ ಬೆಟ್ಟಗಳ ನಡುವಿನಿಂದ ಬಂದು ಕಡಲು ಸೇರುವ ಕಾಳಿಯನ್ನೂ ನೆನೆದಂತೆಯೇ ಮರಳಿನ ಅಂಚಿನ ಗಾಳಿಮರಗಳ ತೋಪನ್ನೂ ನೆನೆದಿದ್ದಾರೆ. ಆ ತೀರಕ್ಕೆ ಇಂದು ಅವರದೇ ಹೆಸರಿದೆ. ಗಾಳಿಮರ ನಮ್ಮ ನಾಡಿನ ಮೂಲದ ಮರವಲ್ಲ. 19ನೇ ಶತಮಾನದಲ್ಲಿ ಉರುವಲಿಗಾಗಿ ತಂದು ಬೆಳೆಸಿದ್ದು. ಆದರೂ ಸಾರವಿಲ್ಲದ ಮರಳಿನಲ್ಲಿ ಬೇರಿನ ಗಂಟುಗಳ ಮೂಲಕ ಸಾರಜನಕವನ್ನು ಹಿಡಿದಿಟ್ಟುಕೊಂಡು ನಿಲ್ಲಬಲ್ಲ ಅದು ಒಂದೂವರೆ ಶತಮಾನದಷ್ಟು ಕಾಲ ಈ ತೀರಕ್ಕೆ ನೆರಳು ಕೊಟ್ಟಿದೆ. ಅಂಥ ಒಂದು ಹಳೆಯ ಮರದ ಬುಡಕ್ಕೆ ಈಗ ಏನಾಗಿದೆ ನೋಡಿ: ಕಾಂಡದ ಸುತ್ತ ಒಂದು ಗೇಣೂ ಮಣ್ಣು ಬಿಡದೆ ಇಂಟರ್‌ಲಾಕ್ ಇಟ್ಟಿಗೆ ಕೂರಿಸಿ, ಅದರ ಮೇಲೆ ಸಿಮೆಂಟಿನ ಉಂಗುರ ಕಟ್ಟಿ ಬಣ್ಣ ಬಳಿದಿದ್ದಾರೆ. ಉಂಗುರದ ಒಂದು ಕಡೆ ಕಾಂಡ ಉಬ್ಬಿ ಸಿಮೆಂಟನ್ನು ಬಿರುಕು ಬಿಡಿಸಿದೆ, ಇನ್ನೊಂದು ಕಡೆ ತೊಗಟೆ ಕೊಳೆತು ಕಪ್ಪಾಗಿದೆ. ಬೇರಿಗೆ ನೀರೂ ಗಾಳಿಯೂ ಹೋಗದ ಆ ಮರ ಮುಂದಿನ ಮಳೆಗಾಲದ ಬಿರುಗಾಳಿಗೆ ಉರುಳಿದರೆ ಅದನ್ನು ಪ್ರಕೃತಿ ವಿಕೋಪವೆಂದು ದಾಖಲಿಸಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಬೇಕಾದದ್ದು ಇನ್ನಷ್ಟು ಗಾಳಿಮರಗಳೇ ಎಂದು ನಾನು ವಾದಿಸುತ್ತಿಲ್ಲ. ಅದರ ಕೆಳಗೆ ಉದುರುವ ಕಡ್ಡಿಗಳ ದಪ್ಪ ಹಾಸಿನಡಿ ಬೇರೆ ಗಿಡ ಸುಲಭವಾಗಿ ಏಳುವುದಿಲ್ಲ. ನಮ್ಮದೇ ತೀರದ ಗಿಡಮರಗಳು ಬೇಕಾದಷ್ಟಿವೆ. ಅಲೆ ಮುಟ್ಟುವ ಗೆರೆಯಿಂದ ಸ್ವಲ್ಪ ಮೇಲೆ ಮರಳನ್ನು ಹಿಡಿದಿಟ್ಟುಕೊಂಡು ನೇರಳೆ ಹೂ ಬಿಡುವ ಅಡುಂಬು ಬಳ್ಳಿಯನ್ನು ಕಳೆಯೆಂದು ಕಿತ್ತೆಸೆಯದೆ ಹಾಗೆಯೇ ಬಿಟ್ಟರೆ ಅದೇ ಮೊದಲ ತಡೆ. ಅದರ ಹಿಂದೆ ಕೇದಗೆಯ ಪೊದೆ. ಅದರ ಹಿಂದೆ ಸುರಹೊನ್ನೆ, ಹೂವರಸಿ, ಹೊಂಗೆ. ಸುರಹೊನ್ನೆಯ ದಪ್ಪ, ಹೊಳೆಯುವ ಎಲೆಗೆ ಉಪ್ಪುಗಾಳಿ ನಾಟುವುದಿಲ್ಲ. ವರ್ಷವಿಡೀ ಹಸಿರಾಗಿರುವ ಅದರ ಕೊಂಬೆಗಳು ಅಗಲವಾಗಿ ಹರಡಿ ಬೆಂಚಿನ ಮೇಲೂ ದಾರಿಯ ಮೇಲೂ ಒತ್ತಾದ ನೆರಳು ಬೀರುತ್ತವೆ. ಬಿಳಿಯ ಹೂವಿಗೆ ಹಿತವಾದ ಪರಿಮಳವಿದೆ. ನಮ್ಮ ಹಿರಿಯರು ಅದರ ಬೀಜದ ಎಣ್ಣೆಯಿಂದ ದೀಪ ಹಚ್ಚಿದ್ದಾರೆ, ಕಟ್ಟಿಗೆಯನ್ನು ದೋಣಿಗೆ ಬಳಸಿದ್ದಾರೆ. ಈ ಸಾಲುಗಳು ಗಾಳಿಯ ಉಪ್ಪನ್ನು ತಡೆದ ಮೇಲೆ ಒಳಗಿನ ಜಾಗದಲ್ಲಿ ಬಕುಲ, ಸುರಗಿ ನಿಲ್ಲುತ್ತವೆ, ಅವುಗಳ ತಂಪಿನಲ್ಲಿ ದಾಸವಾಳ, ಅಬ್ಬಲಿಗೆ ಬೆಳೆಯುತ್ತವೆ. ಬೇಸಿಗೆಯಲ್ಲಿ ಸುರಗಿ ಹೂ ಬಿಟ್ಟಾಗ ಆ ಕಂಪಿಗಾಗಿಯೇ ಉದ್ಯಾನಕ್ಕೆ ಬರುವವರು ಇದ್ದಾರು. ಇವು ಯಾವುವೂ ದುಬಾರಿ ಗಿಡಗಳಲ್ಲ. ಭೂಪ್ರದೇಶದ ಮುಕ್ಕಾಲಿಗಿಂತ ಹೆಚ್ಚು ಭಾಗ ಅರಣ್ಯವೇ ಇರುವ, ಶಿರಸಿಯಲ್ಲಿ ಅರಣ್ಯ ಮಹಾವಿದ್ಯಾಲಯವೇ ಇರುವ ಈ ಜಿಲ್ಲೆಯಲ್ಲಿ ಉದ್ಯಾನಕ್ಕೆ ಯಾವ ಗಿಡ ನೆಡಬೇಕೆಂದು ಹೇಳುವ ತಜ್ಞರಿಗೆ ಬರವಿಲ್ಲ.

ಹುಲ್ಲುಹಾಸಿನ ಬಗ್ಗೆಯೂ ಒಂದು ಮಾತು. ಪ್ಲಾಸ್ಟಿಕ್ ಅಲ್ಲದ ನಿಜವಾದ ಹುಲ್ಲಿದ್ದ ಕಡೆ ನಡು ಮಧ್ಯಾಹ್ನ ಪೈಪು ಹಿಡಿದು ಸಿಹಿನೀರು ಹರಿಸುತ್ತಿದ್ದುದನ್ನು ಕಂಡೆ. ಅದೇ ಹೊತ್ತಿನಲ್ಲಿ ಕುಡಿಯುವ ನೀರಿನ ನಲ್ಲಿಯಲ್ಲಿ ಹನಿಯೂ ಬರುತ್ತಿರಲಿಲ್ಲ. ಬೇಸಿಗೆಯಲ್ಲಿ ಬಾವಿಗಳಿಗೆ ಉಪ್ಪುನೀರು ನುಗ್ಗುವ ಕರಾವಳಿಯಲ್ಲಿ ಬಿಸಿಲಿಗೆ ಆವಿಯಾಗಲೆಂದೇ ನೀರು ಹರಿಸುವುದು ಸರಿಯಲ್ಲ.

ಈಗ ಮಾಲಿಗಳ ವಿಷಯ. ಹೆಚ್ಚಿನ ಕಡೆ ಕಸ ಗುಡಿಸುವವರು ಇದ್ದಾರೆ, ಟಿಕೆಟ್ ಹರಿಯುವವರು ಇದ್ದಾರೆ. ಗಿಡ ನೋಡಿಕೊಳ್ಳುವವರು ಯಾರೆಂದು ಕೇಳಿದರೆ ಗುತ್ತಿಗೆದಾರರ ಕಡೆಯವರು ಆಗಾಗ ಬರುತ್ತಾರೆ ಎಂಬ ಉತ್ತರ. ಉದ್ಯಾನ ಉದ್ಘಾಟನೆಯ ದಿನಕ್ಕೆ ಮುಗಿಯುವ ಕಾಮಗಾರಿಯಲ್ಲ. ಅಂದು ಶುರುವಾಗುವ ಕೆಲಸ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ಹಾಲಕ್ಕಿ ಸಮುದಾಯದ ತುಳಸಿ ಗೌಡ ಅವರನ್ನು ಇಲ್ಲಿ ನೆನೆಯಬೇಕು. ಶಾಲೆಯ ಮೆಟ್ಟಿಲು ಹತ್ತದ ಅವರು ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರದಲ್ಲಿ ದಶಕಗಳ ಕಾಲ ದಿನಗೂಲಿಗೆ ದುಡಿದು, ಯಾವ ಮರದ ಬೀಜವನ್ನು ಯಾವಾಗ ಆಯಬೇಕು, ಹೇಗೆ ಮೊಳೆಸಬೇಕು, ಸಸಿಯನ್ನು ಹೇಗೆ ಉಳಿಸಬೇಕು ಎಂಬ ಜ್ಞಾನವನ್ನು ಕೈಯಲ್ಲೇ ಗಳಿಸಿದರು. 2020ನೇ ಸಾಲಿನ ಪದ್ಮಶ್ರೀ ಅವರಿಗೆ ಬಂತು. 2024ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡಾಗ ತಮ್ಮಲ್ಲಿ ಅನೇಕರು ಶ್ರದ್ಧಾಂಜಲಿ ಸಲ್ಲಿಸಿದ್ದೀರಿ. ಅದೇ ಬಗೆಯ ಕೈಗುಣವುಳ್ಳ ಹೆಣ್ಣುಮಕ್ಕಳು, ಗಂಡಸರು ಕರಾವಳಿಯ ಹಳ್ಳಿಗಳಲ್ಲಿ ಈಗಲೂ ಇದ್ದಾರೆ. ಪ್ರತಿ ಉದ್ಯಾನಕ್ಕೆ ಅಂಥವರನ್ನು ಕಾಯಂ ವೇತನದ ಮೇಲೆ ನೇಮಿಸಿದರೆ ಒಂದು ಕಮಾನಿನ ಖರ್ಚಿನಲ್ಲಿ ಹಲವು ವರ್ಷಗಳ ಆರೈಕೆ ನಡೆಯುತ್ತದೆ ಎಂದು ನನ್ನ ನಂಬಿಕೆ. 1950ರಲ್ಲಿ ಅಂದಿನ ಕೇಂದ್ರ ಕೃಷಿ ಸಚಿವ ಕೆ.ಎಂ. ಮುನ್ಶಿ ಅವರು ವನಮಹೋತ್ಸವವನ್ನು ಆರಂಭಿಸಿದಂದಿನಿಂದ ಜುಲೈ ತಿಂಗಳಲ್ಲಿ ಸಸಿ ನೆಡುವುದು ನಮಗೆ ಅಭ್ಯಾಸವಾಗಿದೆ. ನೆಟ್ಟ ಸಸಿಗೆ ಮೊದಲ ಎರಡು ಮೂರು ಬೇಸಿಗೆ ನೀರು ಹಾಕುವವರು ಯಾರು ಎಂಬ ಪ್ರಶ್ನೆಗೆ ಮಾತ್ರ ಕಡತದಲ್ಲಿ ಉತ್ತರವಿರುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಒಳ್ಳೆಯ ಮಾದರಿಯೇ ಇಲ್ಲವೆಂದಲ್ಲ. ಹೊನ್ನಾವರದ ಕಾಸರಕೋಡಿನ ಕಡಲತೀರ 2020ರಲ್ಲಿ, ಸ್ವಚ್ಛ ಹಾಗೂ ಸುರಕ್ಷಿತ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮಾನ್ಯತೆ ಪಡೆಯಿತು. ಅಲ್ಲಿಗೆ ಸಮೀಪದ ಶರಾವತಿ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ವನದ ನಡುವೆ ಹಾಕಿರುವ ಕಾಲುದಾರಿಯಲ್ಲಿ ನಡೆದಾಗ ತಾಯಿಗೆ ಬಿಸಿಲಿನ ನೆನಪೇ ಆಗಲಿಲ್ಲ. ಎರಡೂ ಬದಿಯ ಕೆಸರಿನಲ್ಲಿ ಉಸಿರುಬೇರುಗಳು ಎದ್ದುನಿಂತಿದ್ದನ್ನು, ಅವುಗಳ ನಡುವೆ ಏಡಿಗಳು ಓಡಾಡುತ್ತಿದ್ದುದನ್ನು ಮಕ್ಕಳು ಬಗ್ಗಿ ನೋಡುತ್ತಾ ಹೊರಡಲು ಒಪ್ಪಲಿಲ್ಲ. ಅಲ್ಲಿ ಯಾರೂ ಫೈಬರ್ ಗೊಂಬೆ ನಿಲ್ಲಿಸಿಲ್ಲ. ಇದ್ದ ಗಿಡವನ್ನು ಉಳಿಸಿ, ಅದರ ನಡುವೆ ಮನುಷ್ಯ ನಡೆಯಲು ದಾರಿಯನ್ನಷ್ಟೇ ಮಾಡಿದ್ದಾರೆ. ಜನ ಬರುತ್ತಿದ್ದಾರೆ, ಸಂತೋಷಪಡುತ್ತಿದ್ದಾರೆ. ಆ ಕೆಲಸ ಮಾಡಿದವರಿಗೆ ನನ್ನ ಕೃತಜ್ಞತೆ ಸಲ್ಲಬೇಕು.

ಇದನ್ನು ಬರೀ ಅಂದಚೆಂದದ ವಿಷಯವೆಂದು ಬದಿಗಿಡಬಾರದೆಂದು ಒತ್ತಿ ಹೇಳಲು ಬಲವಾದ ಕಾರಣವಿದೆ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಸಮುದ್ರದ ಪಾಲಾದರು. ಆ ಮಕ್ಕಳನ್ನು ನೆನೆದರೆ ಇಂದಿಗೂ ಎದೆ ಭಾರವಾಗುತ್ತದೆ. ಜೀವರಕ್ಷಕರು, ಎಚ್ಚರಿಕೆಯ ಬಾವುಟ, ನೀರಿಗಿಳಿಯುವುದಕ್ಕೆ ಗಡಿ ಇವೆಲ್ಲ ಆಗಲೇಬೇಕಾದ ಕ್ರಮಗಳು. ಅವುಗಳ ಜೊತೆಗೆ, ನೀರಿಗಿಳಿಯಬೇಡಿ ಎಂದು ತಡೆದ ಮೇಲೆ ನೂರಾರು ಕಿಲೋಮೀಟರ್ ದೂರದಿಂದ ಬಂದ ಮಕ್ಕಳು ದಿನವಿಡೀ ಎಲ್ಲಿ ಇರಬೇಕು ಎಂಬುದಕ್ಕೂ ಆಡಳಿತದಲ್ಲಿ ಉತ್ತರ ಇರಬೇಕು. ಸಮುದ್ರ ಕಾಣುವಷ್ಟು ಹತ್ತಿರದಲ್ಲಿ, ಮರಗಳ ಕೆಳಗೆ ಕುಳಿತು ಉಂಡು ಆಡಬಹುದಾದ, ಶಿಕ್ಷಕರು ಎಲ್ಲರನ್ನೂ ಒಂದೇ ನೋಟದಲ್ಲಿ ಎಣಿಸಿಕೊಳ್ಳಬಹುದಾದ ಉದ್ಯಾನವಿದ್ದರೆ ತಡೆದ ಮಾತಿಗೂ ಬೆಲೆ ಬರುತ್ತದೆ.

ಇನ್ನುಳಿದ ಕೊರತೆಗಳನ್ನು ಚುಟುಕಾಗಿ ಹೇಳುತ್ತೇನೆ. ಶೌಚಾಲಯವಿದ್ದೂ ಬೀಗ ಹಾಕಿದ್ದರಿಂದ ತಾಯಿಯನ್ನು ಹತ್ತಿರದ ಹೋಟೆಲಿಗೆ ಕರೆದೊಯ್ಯಬೇಕಾಯಿತು. ಮೆಟ್ಟಿಲುಗಳಿರುವ ಪ್ರವೇಶದ್ವಾರದಲ್ಲಿ ಗಾಲಿಕುರ್ಚಿ ಹೋಗಲು ಇಳಿಜಾರಿನ ದಾರಿಯಿರಲಿಲ್ಲ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆ ಇದನ್ನು ಕರುಣೆಗೆ ಬಿಟ್ಟಿಲ್ಲ. ರಾತ್ರಿಯಿಡೀ ಕಡಲಿನ ಕಡೆಗೆ ಉರಿಯುವ ದೀಪಗಳ ಬಗ್ಗೆಯೂ ಯೋಚಿಸಬೇಕು. ಕಾರವಾರ, ಅಂಕೋಲಾ, ಹೊನ್ನಾವರದ ತೀರಗಳಿಗೆ ಚಳಿಗಾಲದಿಂದಾಚೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ಮರಿಗಳು ಬೆಳಕಿರುವ ದಿಕ್ಕೇ ಕಡಲೆಂದು ನಂಬಿ ನಡೆಯುತ್ತವೆ. ಉದ್ಯಾನದ ದೀಪ ಅವನ್ನು ರಸ್ತೆಯ ಕಡೆಗೆ ಸೆಳೆಯುತ್ತದೆ. ಉದ್ಯಾನದೊಳಗೆ ಮಳಿಗೆ, ವಾಹನ ನಿಲುಗಡೆಗೆಂದು ಜಾಗ ಕತ್ತರಿಸುವುದು ಕಂಡುಬಂದಿದೆ. ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಗೆಂದು ನಮ್ಮ ರಾಜ್ಯದಲ್ಲಿ 1985ರಷ್ಟು ಹಿಂದೆಯೇ ಕಾಯ್ದೆಯಾಗಿದೆ. ಉದ್ಯಾನವೆಂದು ಗುರುತಿಸಿದ ನೆಲವನ್ನು ಬೇರೆ ಉದ್ದೇಶಕ್ಕೆ ತಿರುಗಿಸದಂತೆ ಕಾಯುವುದೇ ಅದರ ಆಶಯ.

ಆದ್ದರಿಂದ ತಮ್ಮಲ್ಲಿ ನನ್ನ ಮನವಿ ಇಷ್ಟು. ಕರಾವಳಿಯ ಐದೂ ತಾಲ್ಲೂಕುಗಳ ಸಾರ್ವಜನಿಕ ಉದ್ಯಾನಗಳಲ್ಲಿ ಹೊಸ ಕಟ್ಟಡ, ಕಮಾನು, ಗೊಂಬೆಗಳಿಗೆ ಹಣ ಬಿಡುಗಡೆ ಮಾಡುವ ಮೊದಲು ಮರ ಮತ್ತು ಮಾಲಿಗಳಿಗೆ ಹಣ ಮೀಸಲಿಡಿ. ಇರುವ ಹಳೆಯ ಮರಗಳ ಬುಡದ ಸಿಮೆಂಟನ್ನು ಈಗಿಂದೀಗಲೇ ಒಡೆದು ಬೇರಿಗೆ ಮಣ್ಣು ಬಿಡಿಸಿಕೊಡಿ. ಇದಕ್ಕೆ ಟೆಂಡರೂ ಬೇಡ, ಹಾರೆ ಹಿಡಿದ ಇಬ್ಬರು ಸಾಕು. ಪ್ಲಾಸ್ಟಿಕ್ ಹುಲ್ಲನ್ನು ತೆಗೆಸಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಎಡೆಬಿಡದೆ ಗೇಟು ತೆರೆದಿರಲಿ, ಶೌಚಾಲಯವೂ ಕುಡಿಯುವ ನೀರೂ ಇರಲಿ. ಮರಗಳಿಗೆ ಕನ್ನಡದಲ್ಲಿ ಹೆಸರಿನ ಫಲಕ ಹಾಕಿಸಿ, ಕರಾವಳಿಯ ಮಕ್ಕಳಿಗೂ ಬಯಲುಸೀಮೆಯಿಂದ ಬಂದ ಮಕ್ಕಳಿಗೂ ಇದು ಸುರಹೊನ್ನೆ, ಇದು ಹೂವರಸಿ ಎಂದು ತಿಳಿಯಲಿ. ಯಾವ ಉದ್ಯಾನದಲ್ಲಿ ಎಷ್ಟು ಸಸಿ ನೆಡಲಾಯಿತು, ಮರುವರ್ಷ ಎಷ್ಟು ಬದುಕಿವೆ ಎಂಬ ಲೆಕ್ಕವನ್ನು ಆಯಾ ಉದ್ಯಾನದ ಬಾಗಿಲಲ್ಲೇ ಜನರಿಗೆ ಕಾಣುವಂತೆ ಬರೆಸಿ.

ಕಡಲ ಅಂಚಿನ ಮರಳಿನಲ್ಲಿ ನೆಡುವ ಸಸಿಗೆ ಮೊದಲ ಮಳೆಯ ನೀರು ಸಿಗಬೇಕಾದರೆ ಮೇ ತಿಂಗಳ ಕೊನೆಯೊಳಗೆ ಗುಂಡಿ ತೋಡಿ, ಕೆಮ್ಮಣ್ಣು-ಗೊಬ್ಬರ ತುಂಬಿಸಿ ಸಿದ್ಧವಿರಿಸಬೇಕು. ಸುರಹೊನ್ನೆ, ಹೂವರಸಿಗಳ ಎತ್ತರದ ಸಸಿ ಬೇಕಾದರೆ ಸಸ್ಯಪಾಲನಾ ಕ್ಷೇತ್ರಗಳಿಗೆ ಇನ್ನೂ ಮುಂಚೆ ಬೇಡಿಕೆ ಕೊಡಬೇಕು. ಹಾಗಾಗಿ ಮುಂದಿನ ಮಳೆಗಾಲಕ್ಕೆ ಯಾವ ಉದ್ಯಾನದಲ್ಲಿ ಏನು ನೆಡಲಾಗುವುದು, ಅದನ್ನು ಯಾರು ನೋಡಿಕೊಳ್ಳುವರು ಎಂಬುದನ್ನು ಬೇಸಿಗೆ ರಜೆ ಆರಂಭವಾಗುವ ಮೊದಲೇ ಸಾರ್ವಜನಿಕವಾಗಿ ಪ್ರಕಟಿಸಬೇಕೆಂದು ಕೋರುತ್ತೇನೆ. ನೆಡುವ ದಿನ ತಿಳಿಸಿದರೆ ಘಟ್ಟದ ಮೇಲಿನಿಂದ ನಾವು ಕೆಲವರು ಗುದ್ದಲಿ ಹಿಡಿದು ಬರಲು ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ಶಿರಸಿಯ ಒಬ್ಬ ನಾಗರಿಕ